ಗೋಡೆ ಯಾವ ದಿಕ್ಕಿಗಿದೆ?

ನಮ್ಮ ಅಪ್ಪಯ್ಯ ಕುಂದಾಪುರದ ಸುತ್ತಮುತ್ತಲಿನ ಮನೆಗಳಿಗೆ ಸುಣ್ಣ-ಬಣ್ಣ ಬಳಿಯುತ್ತಿದ್ದರು. ಯಾರಾದರೂ ಬಂದು "ಒಂದು ಗೋಡೆಗೆ ಬಣ್ಣ ಮಾಡಿಸ್ಬೇಕಿತ್ತು, ಎಷ್ಟಾಗ್ತದೆ" ಎಂದು ಕೇಳಿದರೆ ಅವರು ಮೊದಲು ಉದ್ದಗಲ ವಿಚಾರಿಸುತ್ತಿರಲಿಲ್ಲ. "ಹ್ವಾಯ್, ಗ್ವಾಡಿ ಯಾವ್ ಬದಿಗ್ ಇತ್ತ್?" ಎನ್ನುತ್ತಿದ್ದರು. ಪಡು ಗೋಡೆಯಾದರೆ ಬಣ್ಣ ಬೇರೆ, ಕೂಲಿ ಬೇರೆ. ಕಡಲ ಮೇಲಿಂದ ಮಳೆ ಹೊತ್ತು ತರುವ ಗಾಳಿ ನಾಲ್ಕು ತಿಂಗಳು ಹೊಡೆಯುವುದು ಆ ಗೋಡೆಗೆ. ಮೇ ತಿಂಗಳ ಕೊನೆಗೆ ಊರಿನವರೆಲ್ಲ ಆ ಬದಿಗೆ ಮಡಲಿನ ತಟ್ಟಿ ಕಟ್ಟಿಕೊಳ್ಳುತ್ತಿದ್ದರು. ಒಂದೇ ದಿನ ಒಂದೇ ಡಬ್ಬಿಯ ಬಣ್ಣ ಬಳಿದ ಮನೆಯಲ್ಲೂ ಮೂರು ವರ್ಷ ಕಳೆಯುವಷ್ಟರಲ್ಲಿ ಪಡು ಗೋಡೆ ತೊಳೆದಿಟ್ಟ ಹಾಗೆ ಬಿಳಚಿಕೊಂಡು, ಮುಟ್ಟಿದರೆ ಬೆರಳಿಗೆ ಹಿಟ್ಟು ಮೆತ್ತುತ್ತಿತ್ತು. ಮೂಡು ಗೋಡೆಯ ಬಣ್ಣ ಗಟ್ಟಿಯಾಗಿಯೇ ಉಳಿದು, ಮಾಸಿ ಕಂದು ತಿರುಗಿರುತ್ತಿತ್ತು.

ನಾನು ರಸಾಯನಶಾಸ್ತ್ರ ಓದಿ 1985ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದೆ. ಉಪಗ್ರಹದ ಹೊರಮೈಗೆ ಬಳಿಯುವ ಬಣ್ಣ, ಹೊದಿಸುವ ಹಾಳೆ, ಅಂಟಿಸುವ ಟೇಪು ಮೇಲೆ ಹೋದ ಮೇಲೆ ಎಷ್ಟು ಕಾಲ ತಾಳುತ್ತವೆ ಎಂದು ಪರೀಕ್ಷಿಸುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದೆ. ಅಪ್ಪಯ್ಯನ ಕಸುಬನ್ನೇ ಮುಂದುವರಿಸಿದೆ ಎಂದು ನಾನು ತಿಳಿದುಕೊಂಡಿದ್ದೇನೆ. ಈ ಕಸುಬಿನ ಚರಿತ್ರೆಯನ್ನು ಓದುತ್ತಾ ಹೋದ ಹಾಗೆ, ಮನೆಯ ಅಂಗಳದಲ್ಲಿ ಕೇಳಿದ ಆ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಯಿತು.

ಹೊರಮೈಗೆ ಇಷ್ಟು ಮಹತ್ವ ಯಾಕೆ? ಮೇಲೆ ಗಾಳಿಯಿಲ್ಲ. ಬಿಸಿಯಾದ ಉಪಗ್ರಹಕ್ಕೆ ಬೀಸಣಿಗೆ ಹಾಕಲಾಗುವುದಿಲ್ಲ. ಒಳಗಿನ ಬಿಸಿಯೆಲ್ಲ ಹೊರಮೈಯಿಂದ ಕಿರಣವಾಗಿಯೇ ಹೊರಗೆ ಹೋಗಬೇಕು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟಿ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಅದೇ ಬಿಳಿ ಹಳದಿಯಾದರೆ ಬಿಸಿಲನ್ನು ಹೀರಲು ಶುರುಮಾಡುತ್ತದೆ. ಒಳಗಿರುವ ಬ್ಯಾಟರಿಯ ಆಯುಷ್ಯ ಬಣ್ಣದ ಬಿಳುಪಿನ ಮೇಲೆ ನಿಂತಿರುತ್ತದೆ. ಬಿಸಿಲೂ ನಮ್ಮ ಅಂಗಳದ ಬಿಸಿಲಲ್ಲ. ವಾತಾವರಣ ಸೋಸದ ನೇರಳಾತೀತ ಕಿರಣ ಬಣ್ಣದ ಅಂಟನ್ನೇ ಮುರಿಯುತ್ತದೆ. ಕೆಳ ಕಕ್ಷೆಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಒಂದು ಹಗಲು, ಒಂದು ರಾತ್ರಿ. ಕಾಯುವುದು, ಆರುವುದು, ಮತ್ತೆ ಕಾಯುವುದು.

ಇದನ್ನೆಲ್ಲ ನೆಲದ ಮೇಲೆ ನಿರ್ವಾತದ ಪೆಟ್ಟಿಗೆಯಲ್ಲಿ, ಕ್ಸೆನಾನ್ ದೀಪದ ಕೆಳಗೆ ಒಂದು ಮಟ್ಟಿಗೆ ನಡೆಸಿ ನೋಡಬಹುದು. ಆದರೆ ಮೇಲೆ ಹೋದ ವಸ್ತು ತಿರುಗಿ ಬರುವ ತನಕ ನಮ್ಮ ಪರೀಕ್ಷೆ ಎಷ್ಟು ನಿಜ ಎಂದು ಹೇಳುವವರು ಯಾರೂ ಇಲ್ಲ. ಉಪಗ್ರಹ ಹೋಗುತ್ತದೆ, ಬರುವುದಿಲ್ಲ. ಹೋಗಿ ಬಂದ ವಸ್ತುಗಳು ಚರಿತ್ರೆಯಲ್ಲಿ ಬಹಳ ಕಡಿಮೆ.

ಅವುಗಳಲ್ಲಿ ಮೊದಲು ಹೇಳಬೇಕಾದದ್ದು ಒಂದು ಕ್ಯಾಮೆರಾ. ಸರ್ವೇಯರ್-3 ಎಂಬ ಅಮೆರಿಕದ ನೌಕೆ 1967ರ ಏಪ್ರಿಲ್ 20ರಂದು ಚಂದ್ರನ ಮೇಲೆ ಇಳಿಯಿತು. 31 ತಿಂಗಳಾದ ಮೇಲೆ, 1969ರ ನವೆಂಬರಿನಲ್ಲಿ, ಅಪೋಲೊ-12ರ ಪೀಟ್ ಕಾನ್ರಾಡ್ ಮತ್ತು ಅಲನ್ ಬೀನ್ ತಮ್ಮ ಲ್ಯಾಂಡರನ್ನು ಅದರಿಂದ ಸುಮಾರು 160 ಮೀಟರ್ ದೂರದಲ್ಲಿ ಇಳಿಸಿ, ನಡೆದುಕೊಂಡು ಹೋಗಿ ಅದರ ಮುಂದೆ ನಿಂತರು. ಬಿಳಿ ಬಣ್ಣ ಬಳಿದು ಕಳಿಸಿದ್ದ ನೌಕೆ ಕಂದಾಗಿತ್ತು. ಕ್ಯಾಮೆರಾವನ್ನೂ ಮಣ್ಣು ಬಗೆಯುವ ಸೌಟನ್ನೂ ಕೊಳವೆ, ಕೇಬಲಿನ ತುಂಡುಗಳನ್ನೂ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಬಂದರು.

ಭೂಮಿಯ ಮೇಲೆ ಆ ಕ್ಯಾಮೆರಾವನ್ನು ಪರೀಕ್ಷಿಸಿದವರಿಗೆ ಕಂದು ಬಣ್ಣದ ಜತೆ ಇನ್ನೊಂದು ಸಂಗತಿ ಕಂಡಿತು. ಬಿಸಿಲಿಗೆ ಬಣ್ಣ ಕೆಟ್ಟದ್ದು ನಿಜ, ಧೂಳು ಕೂತದ್ದೂ ನಿಜ. ಆದರೆ ಒಂದು ಬದಿಯಲ್ಲಿ ಕಂದನ್ನು ಯಾರೋ ಮರಳು ಕಾಗದದಿಂದ ಉಜ್ಜಿದ ಹಾಗೆ ಬಿಳುಪು ಮರಳಿತ್ತು. ಆ ಬಿಳುಪಿನ ನಡುವೆ ಮೊಳೆ, ಕೊಳವೆಗಳ ಹಿಂದೆ ಕಂದು ಹಾಗೆಯೇ ಉಳಿದು ನೆರಳಿನಂತೆ ಗೆರೆ ಮೂಡಿತ್ತು. ಆ ನೆರಳುಗಳ ಜಾಡು ಹಿಡಿದು ನೋಡಿದರೆ ಅವೆಲ್ಲ ಬೊಟ್ಟು ಮಾಡಿದ್ದು ಅಪೋಲೊ ಲ್ಯಾಂಡರ್ ಇಳಿದ ಕಡೆಗೆ. ಲ್ಯಾಂಡರಿನ ಬೆಂಕಿ ಎಬ್ಬಿಸಿದ ಚಂದ್ರನ ಧೂಳು ಅಷ್ಟು ದೂರದಿಂದ ಹಾರಿಬಂದು ಹಳೆಯ ನೌಕೆಯ ಬಣ್ಣವನ್ನು ಕೆತ್ತಿತ್ತು. ಎರಡೂವರೆ ವರ್ಷದ ಬಿಸಿಲು ಮಾಡಿದ್ದೇನು, ಕೆಲವು ಕ್ಷಣದ ಧೂಳಿನ ಗಾಳಿ ಮಾಡಿದ್ದೇನು ಎಂದು ಬೇರ್ಪಡಿಸಲು ಆದದ್ದು ಯಾವ ಮುಖ ಯಾವ ಕಡೆಗಿತ್ತು ಎಂದು ನೋಡಿದ್ದರಿಂದ.

ಭೂಮಿಯ ಹತ್ತಿರದ ಕಕ್ಷೆಯ ಕಥೆ ಬೇರೆ. ಅಲ್ಲಿ ಇನ್ನೊಬ್ಬ ಶತ್ರು ಇದ್ದಾನೆ ಎಂಬುದು ಕಣ್ಣಿಗೆ ಬಿದ್ದದ್ದು ಷಟಲ್ ಹಾರಾಟ ಶುರುವಾದ ಮೇಲೆ. ಷಟಲ್ ಹೋಗಿ ಬರುವ ವಾಹನ. ಹಾಗಾಗಿ ಅದರ ಮೈಮೇಲಿದ್ದ ಬಟ್ಟೆ, ಬಣ್ಣ, ಟೇಪುಗಳೂ ತಿರುಗಿ ಬರುತ್ತಿದ್ದವು. 1981-82ರ ಮೊದಲ ಕೆಲವು ಹಾರಾಟಗಳಲ್ಲೇ ಸರಕಿನ ಅಂಕಣದ ಟಿವಿ ಕ್ಯಾಮೆರಾಕ್ಕೆ ಹೊದಿಸಿದ್ದ ಕ್ಯಾಪ್ಟಾನ್ ಹಾಳೆ ಹೊಳಪು ಕಳೆದುಕೊಂಡು ಬಂದಿತು. ಕ್ಯಾಪ್ಟಾನ್ ಅಂದರೆ ಉಪಗ್ರಹದ ಚಿತ್ರಗಳಲ್ಲಿ ಚಿನ್ನದ ಹಾಗೆ ಮಿನುಗುತ್ತದಲ್ಲ, ಆ ಹಾಳೆ. ಬಿಸಿಗೂ ಜಗ್ಗುವುದಿಲ್ಲ, ಚಳಿಗೂ ಜಗ್ಗುವುದಿಲ್ಲ. ಅಂಥದ್ದು ಕೆಲವೇ ದಿನಗಳಲ್ಲಿ ಮಂಕಾಗಿ ಬಂದರೆ ಏನರ್ಥ? ಹ್ಯೂಸ್ಟನ್ನಿನ ಜಾನ್ಸನ್ ಕೇಂದ್ರದ ಲೂಬರ್ಟ್ ಲೆಜರ್ ಅದರ ಬೆನ್ನು ಹತ್ತಿದರು.

ಕಾರಣ ಆಮ್ಲಜನಕ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು ಜೋಡಿಯಾಗಿರುತ್ತವೆ. ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನ ನೇರಳಾತೀತ ಕಿರಣ ಆ ಜೋಡಿಯನ್ನು ಒಡೆಯುತ್ತದೆ. ಅಲ್ಲಿ ಗಾಳಿ ಅತಿ ವಿರಳ, ಇದ್ದಷ್ಟರಲ್ಲಿ ಹೆಚ್ಚಿನ ಪಾಲು ಈ ಒಂಟಿ ಆಮ್ಲಜನಕ. ಒಂಟಿಯಾದದ್ದು ಏನು ಸಿಕ್ಕಿದರೂ ಕೂಡಿಕೊಳ್ಳಲು ಕಾಯುತ್ತಿರುತ್ತದೆ. ನೌಕೆ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಓಡುವುದರಿಂದ ಅದರ ಮುಂಭಾಗ ಪ್ರತಿಯೊಂದು ಪರಮಾಣುವಿಗೂ ಆ ವೇಗದಲ್ಲೇ ಅಪ್ಪಳಿಸುತ್ತದೆ. ಪ್ಲಾಸ್ಟಿಕ್ಕಿನ ಇಂಗಾಲದ ಕೊಂಡಿ ಮುರಿಯಲು ಅಷ್ಟು ಪೆಟ್ಟು ಸಾಕು. ಇಂಗಾಲ ಅನಿಲವಾಗಿ ಹಾರಿಹೋಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಾನು ಅಂಥ ಕ್ಯಾಪ್ಟಾನನ್ನು ಎಷ್ಟೋ ಸಲ ನೋಡಿದ್ದೇನೆ. ಗಾಜಿನಂತೆ ನುಣುಪಾಗಿದ್ದ ಹಾಳೆ ಹೊಸ ಕಾಲೊರಸಿನ ಹಾಗೆ ಮೊನೆ ಮೊನೆಯಾಗಿ ಎದ್ದುನಿಂತಿರುತ್ತದೆ. ಹೊಳಪು ಹೋಗುವುದು ಅದಕ್ಕೇ.

ಇದನ್ನು ಗಟ್ಟಿಮಾಡಿಕೊಳ್ಳಲು ಒಂದು ಹಾರಾಟದಲ್ಲಿ ಬೇಕೆಂದೇ ಪರೀಕ್ಷೆ ಮಾಡಿದರು. ಆ ಹಾರಾಟ ನಮಗೂ ಸಂಬಂಧಪಟ್ಟದ್ದು. 1983ರ ಆಗಸ್ಟ್ 30ರಂದು ಹೊರಟ ಚಾಲೆಂಜರ್ ಷಟಲಿನ ಸರಕಿನ ಅಂಕಣದಲ್ಲಿ ಕೂತಿದ್ದದ್ದು ಇನ್‌ಸ್ಯಾಟ್-1ಬಿ. ನಮ್ಮ ಹಾಸನದ ಕೇಂದ್ರದಿಂದ ನಡೆಸಿದ ಉಪಗ್ರಹ. ಊರೂರಿಗೆ ದೂರದರ್ಶನ ತಲುಪಿದ್ದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಕಕ್ಷೆಗೆ ಬಿಟ್ಟ ಮೇಲೆ ಚಾಲೆಂಜರ್ ಸುಮಾರು 222 ಕಿಲೋಮೀಟರಿಗೆ ಇಳಿದು, ಅಂಕಣವನ್ನು ಓಟದ ದಿಕ್ಕಿಗೆ ತಿರುಗಿಸಿ, ಹತ್ತಿರ ಹತ್ತಿರ 40 ಗಂಟೆ ಹಾಗೆಯೇ ಓಡಿತು. ಅಂಕಣದೊಳಗೆ ಹರಡಿಟ್ಟಿದ್ದ ಪ್ಲಾಸ್ಟಿಕ್, ಬಣ್ಣ, ಲೋಹದ ತುಣುಕುಗಳು ಆ 40 ಗಂಟೆ ಎದುರುಗಾಳಿಗೆ ಮುಖಕೊಟ್ಟವು. ಎಷ್ಟು ಪರಮಾಣು ಬಡಿದರೆ ಎಷ್ಟು ಸವೆತ ಎಂಬ ಲೆಕ್ಕಕ್ಕೆ ಗಟ್ಟಿ ಬುನಾದಿ ಬಿದ್ದದ್ದು ಅಲ್ಲಿ. ಇನ್‌ಸ್ಯಾಟ್ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ. ಅದು ಖಾಲಿಮಾಡಿಕೊಟ್ಟ ಜಾಗದಲ್ಲಿ ನಡೆದ ಈ ಕೆಲಸವನ್ನು ಕನ್ನಡದಲ್ಲಿ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಬರೆಯಬೇಕು ಅನ್ನಿಸಿದ್ದಕ್ಕೆ ಅದೂ ಒಂದು ಕಾರಣ.

ಈಗ ಎಲ್‌ಡೆಫ್ ವಿಷಯಕ್ಕೆ ಬರುತ್ತೇನೆ. 'ದೀರ್ಘಕಾಲ ಒಡ್ಡಿಡುವ ಏರ್ಪಾಡು' ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ವರ್ಜೀನಿಯಾದ ಲ್ಯಾಂಗ್ಲಿ ಕೇಂದ್ರ ಅದರ ಮನೆ, ವಿಲಿಯಂ ಕಿನಾರ್ಡ್ ಅದರ ಮುಖ್ಯ ವಿಜ್ಞಾನಿ. 9 ಮೀಟರ್ ಉದ್ದ, 4.3 ಮೀಟರ್ ಅಗಲ, 12 ಮುಖಗಳ ಒಂದು ಅಲ್ಯೂಮಿನಿಯಂ ಪಂಜರ. ಅದರ ಸುತ್ತಲೂ ಎರಡು ತುದಿಗೂ ಸೇರಿ 86 ತಟ್ಟೆಗಳು, ಅವುಗಳಲ್ಲಿ 57 ಪ್ರಯೋಗಗಳು. ಸ್ವಂತ ಇಂಜಿನ್ ಇಲ್ಲ, ಭೂಮಿಗೆ ಸುದ್ದಿ ಕಳಿಸುವ ಬಾಯಿ ಇಲ್ಲ. ಉದ್ದದ ಒಂದು ತುದಿ ಸದಾ ಭೂಮಿಯ ಕಡೆಗೇ ತೂಗುವ ಹಾಗೆ ಗುರುತ್ವದಿಂದಲೇ ಸಮತೋಲ ಮಾಡಿ ಬಿಟ್ಟಿದ್ದರು. ಹಾಗಾಗಿ ಇಡೀ ಅವಧಿ ಒಂದೇ ಮುಖ ಮುಂದಕ್ಕೆ, ಒಂದೇ ಮುಖ ಹಿಂದಕ್ಕೆ. ಒಂಬತ್ತನೆಯ ಸಾಲು ಎದುರುಗಾಳಿಗೆ, ಮೂರನೆಯ ಸಾಲು ಅದರ ಬೆನ್ನಿಗೆ. ಪಡು ಗೋಡೆ, ಮೂಡು ಗೋಡೆ ಎರಡೂ ಇರುವ ಮನೆಯೊಂದನ್ನು ಕಟ್ಟಿ ಮೇಲೆ ಬಿಟ್ಟಂತಾಯಿತು.

1984ರ ಏಪ್ರಿಲ್ 7ರಂದು ಚಾಲೆಂಜರ್ ಅದನ್ನು ಸುಮಾರು 480 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟುಬಂತು. ಒಂದು ವರ್ಷದ ಹೊತ್ತಿಗೆ ಹೋಗಿ ತರುವುದು ಎಂದು ಮಾತಾಗಿತ್ತು. ಬೇರೆ ಬೇರೆ ಹಾರಾಟಗಳ ಒತ್ತಡದಲ್ಲಿ ಅದು ಮುಂದಕ್ಕೆ ಹೋಯಿತು. 1986ರ ಜನವರಿ 28ರಂದು ಅದೇ ಚಾಲೆಂಜರ್ ಆಕಾಶದಲ್ಲಿ ಒಡೆದು ಏಳು ಜನ ತೀರಿಕೊಂಡರು. ನಾನು ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಲ್ಯಾಬಿನ ರೇಡಿಯೋ ಸುತ್ತ ನಿಂತು ಸುದ್ದಿ ಕೇಳಿದ್ದು, ಯಾರೂ ಮಾತಾಡದೆ ತಂತಮ್ಮ ಮೇಜಿಗೆ ತಿರುಗಿದ್ದು ನೆನಪಿದೆ. ಆ ಏಳು ಜನರ ಮುಂದೆ ಮೇಲೆ ಉಳಿದುಹೋದ ಬಣ್ಣದ ಚೂರುಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ, ಬರಬೇಕಾದದ್ದೂ ಅಲ್ಲ.

ಷಟಲ್ ಮತ್ತೆ ಹಾರಿದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಸೂರ್ಯನ ಚಟುವಟಿಕೆ ಏರಿ ಮೇಲಿನ ವಾತಾವರಣ ಉಬ್ಬಿತ್ತು, ಎಲ್‌ಡೆಫ್ ಬೇಗ ಬೇಗ ಇಳಿಯತೊಡಗಿತ್ತು. 1990ರ ಜನವರಿ 12ರಂದು ಕೊಲಂಬಿಯಾ ಷಟಲಿನಿಂದ ಬಾನಿ ಡನ್‌ಬಾರ್ ಯಂತ್ರದ ತೋಳು ಚಾಚಿ ಅದನ್ನು ಹಿಡಿದಾಗ ಎತ್ತರ ಸುಮಾರು 330 ಕಿಲೋಮೀಟರ್. ಇನ್ನು ಕೆಲವು ವಾರ ತಡವಾಗಿದ್ದರೆ ಉರಿದುಹೋಗುತ್ತಿತ್ತು. ಹಿಡಿದ ಕೂಡಲೇ ಒಳಗಿಡಲಿಲ್ಲ. ನಾಲ್ಕೂವರೆ ಗಂಟೆ ಅದನ್ನು ತೋಳಿನಲ್ಲೇ ಹಿಡಿದು ತಿರುಗಿಸುತ್ತಾ ಮೂಲೆಮೂಲೆಯ ಚಿತ್ರ ತೆಗೆದರು. ತೆಳ್ಳಗಿನ ಹಾಳೆಗಳು ಹರಿದು ನೇತಾಡುತ್ತಿದ್ದವು. ಇಳಿಯುವಾಗ ಏನಾದರೂ ಉದುರಿದರೆ ಮೇಲಿದ್ದಾಗ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಬೇಕು. ಈ ಕಸುಬು ಗೊತ್ತಿರುವವರಿಗೆ ಆ ನಾಲ್ಕೂವರೆ ಗಂಟೆಯ ಬೆಲೆ ಗೊತ್ತು. ಬಂದ ಮಾದರಿಯನ್ನು ಮುಟ್ಟುವ ಮುಂಚೆ ನೋಡಬೇಕು.

ಒಂದು ವರ್ಷಕ್ಕೆಂದು ಹೋದದ್ದು 2,105 ದಿನ ಇದ್ದು ಬಂತು. ಭೂಮಿಗೆ ಸುತ್ತು 32,422. ಮುಂದಿನ ಮುಖದ ಒಂದೊಂದು ಚದರ ಸೆಂಟಿಮೀಟರಿಗೂ ಬಡಿದ ಆಮ್ಲಜನಕದ ಪರಮಾಣುಗಳನ್ನು ಬರೆಯಬೇಕಾದರೆ 9ರ ಮುಂದೆ 21 ಸೊನ್ನೆ ಹಾಕಬೇಕು. ಕ್ಯಾಪ್ಟಾನ್ ಆ ಪೆಟ್ಟಿಗೆ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸವೆಯುತ್ತದೆ. ನಾವು ಉಪಗ್ರಹಕ್ಕೆ ಹೊದಿಸುವ ಹಾಳೆ ಸಾಮಾನ್ಯವಾಗಿ ಅಷ್ಟು ದಪ್ಪವೇ ಇರುವುದಿಲ್ಲ! ಬೆನ್ನಿನ ಮುಖಕ್ಕೆ ಬಿದ್ದ ಆಮ್ಲಜನಕ ಲೆಕ್ಕಕ್ಕೇ ಬಾರದಷ್ಟು ಕಡಿಮೆ.

1991ರ ಜೂನಿನಲ್ಲಿ ಫ್ಲಾರಿಡಾದಲ್ಲಿ ಎಲ್‌ಡೆಫ್ ಕುರಿತ ಮೊದಲ ಸಮ್ಮೇಳನ ನಡೆದು, ಅದರ ಸಂಪುಟಗಳು ಅಚ್ಚಾಗಿ ನಮ್ಮ ಲೈಬ್ರರಿಗೆ ಬಂದವು. ಊಟದ ವಿರಾಮದಲ್ಲಿ ಕೂತು ಓದುತ್ತಿದ್ದೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣದ ಬೊಟ್ಟುಗಳು. ತಟ್ಟೆಗಳನ್ನು ಬಿಗಿಹಿಡಿಯುವ ಕ್ಲಾಂಪುಗಳ ಮೇಲೆ ಎ276 ಎಂಬ ಬಿಳಿ ಬಣ್ಣದ ದುಂಡು ಬೊಟ್ಟು ಇಟ್ಟಿದ್ದರು. ಪಾಲಿಯುರಿಥೇನ್ ಅಂಟು, ಟೈಟಾನಿಯಂ ಡೈಆಕ್ಸೈಡ್ ಪುಡಿ. ಎಲ್ಲ ಬದಿಗೂ ಒಂದೇ ಬಣ್ಣ. ತಿರುಗಿ ಬಂದಾಗ ಮುಂದಿನ ಮುಖದ ಬೊಟ್ಟುಗಳು ಬೆಳ್ಳಗಿದ್ದವು, ಹಿಂದಿನವು ಕಂದಾಗಿದ್ದವು. ಕಣ್ಣಿಗೆ ಮುಂದಿನದೇ ಚೆನ್ನಾಗಿ ಉಳಿದ ಹಾಗೆ.

ಆ ಪುಟದ ಚಿತ್ರಗಳ ಫೋಟೋ ತೆಗೆಸಿಕೊಂಡು ರಜೆಗೆ ಊರಿಗೆ ಹೋದಾಗ ಅಪ್ಪಯ್ಯನಿಗೆ ತೋರಿಸಿದೆ. ಅವರು ಆಗ ಕೆಲಸ ಬಿಟ್ಟಿದ್ದರು, ಮೊಣಕಾಲು ನೋವು. ಜಗಲಿಯಲ್ಲಿ ಬೆಳಕಿಗೆ ಹಿಡಿದು ಎರಡೂ ಚಿತ್ರ ನೋಡಿದರು. ಬಿಳಿ ಬೊಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು, ಗೋಡೆ ಮುಟ್ಟಿ ನೋಡುವ ಹಾಗೆಯೇ. "ಇದ್ ಪಡು ಬದಿದ್. ಅಂಟ್ ಹೋಯಿ ಬರೀ ಪುಡಿ ಉಳ್ದಿತ್" ಎಂದರು. ಕಂದು ಬೊಟ್ಟು ತೋರಿಸಿ, "ಇದ್ಕ್ ಗಾಳಿ ತಾಗ್ಲಿಲ್ಲ, ಬಿಸ್ಲ್ ಮಾತ್ರ" ಎಂದರು. ಸಂಪುಟದಲ್ಲಿ ಅದನ್ನೇ ಪುಟಗಟ್ಟಲೆ ಬರೆದಿದ್ದರು. ಬಿಸಿಲು ಎರಡೂ ಕಡೆ ಅಂಟನ್ನು ಕಂದಾಗಿಸಿತ್ತು. ಮುಂದೆ ಆಮ್ಲಜನಕ ಆ ಕಂದಾದ ಅಂಟನ್ನು ತಿನ್ನುತ್ತಾ ಬಂದು ಬಿಳಿ ಪುಡಿಯನ್ನು ಬತ್ತಲೆ ಬಿಟ್ಟಿತ್ತು. ಬೆಳ್ಳಗಿದ್ದದ್ದೇ ಸವೆದದ್ದು. ನಾನು ಅವರಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಚಿತ್ರಗಳನ್ನು ಅವರ ಹತ್ತಿರವೇ ಬಿಟ್ಟು ಬಂದೆ.

ಅದೇ ಸಂಪುಟಗಳಲ್ಲಿ ಝಡ್-93 ಎಂಬ ಇನ್ನೊಂದು ಬಿಳಿ ಬಣ್ಣದ ಕಥೆಯಿತ್ತು. ಸತುವಿನ ಆಕ್ಸೈಡಿನ ಪುಡಿಯನ್ನು ಪೊಟ್ಯಾಸಿಯಂ ಸಿಲಿಕೇಟಿನಲ್ಲಿ ಕಟ್ಟಿದ ಬಣ್ಣ. ಅಂಟೂ ಖನಿಜವೇ, ಸುಡಲು ಇಂಗಾಲ ಇಲ್ಲ. ಅದು ಬಹುಮಟ್ಟಿಗೆ ಹೋದ ಹಾಗೆಯೇ ಬಂತು. ಮುಂದೆ ಬಾಹ್ಯಾಕಾಶ ನಿಲ್ದಾಣದ ರೇಡಿಯೇಟರುಗಳಿಗೆ ಬಳಿದದ್ದು ಅದನ್ನೇ. ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣ ಬಳಿದ ಗೋಡೆ ಎಣ್ಣೆ ಬಣ್ಣದ ಗೋಡೆಗಿಂತ ಬಿಸಿಲಿಗೆ ಚೆನ್ನಾಗಿ ತಾಳುತ್ತದೆ ಎಂದು ಅಪ್ಪಯ್ಯ ಗಿರಾಕಿಗಳ ಹತ್ತಿರ ವಾದ ಮಾಡುತ್ತಿದ್ದರು. ಕಲ್ಲಿನ ಜಾತಿಯ ಅಂಟು, ಮರದ ಜಾತಿಯ ಅಂಟು ಎಂದು ಅವರ ವಿಂಗಡಣೆ.

ಎಲ್‌ಡೆಫ್‌ನ ಪ್ರಯೋಗಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅಲಬಾಮಾ ವಿಶ್ವವಿದ್ಯಾಲಯದ ಹಂಟ್ಸ್‌ವಿಲ್ಲಿನವರು ಮಾಡಿದ ಒಂದು ಸೂಜಿರಂಧ್ರದ ಕ್ಯಾಮೆರಾ. ಬೆಳಕಿಗಲ್ಲ, ಆಮ್ಲಜನಕಕ್ಕೆ. ಪೆಟ್ಟಿಗೆಗೆ ಸಣ್ಣ ತೂತು, ತೂತಿನ ಹಿಂದೆ ಬಾಗಿದ ಬೆಳ್ಳಿ ತಗಡು. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಇಲ್ಲಿ ಒಂಟಿ ಆಮ್ಲಜನಕ ತಾಗಿದ ಕಡೆ ಬೆಳ್ಳಿ ಕಪ್ಪಾಗುತ್ತದೆ. ಎಲ್‌ಡೆಫ್ ಅಂದುಕೊಂಡ ಹಾಗೆ ನೇರ ಮುಂದಕ್ಕೆ ಮುಖ ಮಾಡಿದ್ದರೆ ಕಪ್ಪು ಚುಕ್ಕೆ ನಟ್ಟನಡುವೆ ಬೀಳಬೇಕಿತ್ತು. ಬಿಚ್ಚಿ ನೋಡಿದರೆ ಚುಕ್ಕೆ ಪಕ್ಕಕ್ಕೆ ಸರಿದಿತ್ತು. ಅಳೆದರೆ ಸುಮಾರು 8 ಡಿಗ್ರಿ. ಆರು ವರ್ಷ ಹತ್ತಿರ ಆ ಪಂಜರ 8 ಡಿಗ್ರಿ ಓರೆಯಾಗಿಯೇ ಓಡಿದೆ ಎಂದು ಬೆಳ್ಳಿಯ ಮೇಲಿನ ಒಂದು ಮಸಿ ಚುಕ್ಕೆ ಹೇಳಿತು. ಆ 8 ಡಿಗ್ರಿ ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಪ್ರತಿಯೊಂದು ತಟ್ಟೆಗೂ ಎಷ್ಟು ಪೆಟ್ಟು ಬಿದ್ದಿದೆ ಎಂಬುದು ಸರಿಯಾಗಿ ಸಿಕ್ಕಿದ್ದು. ಇಂಧನ ಬೇಡ, ವಿದ್ಯುತ್ ಬೇಡ, ಸರ್ಕ್ಯೂಟ್ ಬೇಡ. ಮೂವತ್ತು ವರ್ಷದಲ್ಲಿ ಎಷ್ಟೋ ಉಪಕರಣ ನೋಡಿದ್ದೇನೆ, ಇಷ್ಟು ಚೆಂದದ್ದು ನೋಡಿಲ್ಲ.

ಮುಂದಿನ ಮುಖದಲ್ಲಿ ಯಾರೂ ನಿರೀಕ್ಷಿಸದ ಇನ್ನೊಂದು ಸಿಕ್ಕಿತು. ಬೆರಿಲಿಯಂ-7 ಎಂಬ ವಿಕಿರಣ ಬೀರುವ ಪರಮಾಣು. ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಅದನ್ನು ಹುಟ್ಟಿಸುತ್ತವೆ. 53 ದಿನದಲ್ಲಿ ಅರ್ಧ ಇಲ್ಲದಾಗುತ್ತದೆ. ಅದು ಅಷ್ಟು ಎತ್ತರಕ್ಕೆ ಏರಿ ಲೋಹಕ್ಕೆ ಅಂಟಿಕೊಂಡಿತ್ತು, ಮುಂದಿನ ಮುಖಕ್ಕೆ ಮಾತ್ರ. ಗೋಡೆಗೆ ಅಂಟಿದ ಉಪ್ಪು ನೋಡಿ ಕಡಲು ಯಾವ ಕಡೆ ಎಂದು ಹೇಳುವ ಹಾಗೆ.

ಎಲ್‌ಡೆಫ್‌ನ ಮೈಮೇಲೆ ಕಣ್ಣಿಗೆ ಕಾಣುವ ಕುಳಿಗಳೇ 30,000ಕ್ಕೂ ಮೇಲಿದ್ದವು, ಅತಿ ದೊಡ್ಡದು 5 ಮಿಲಿಮೀಟರ್ ಚಿಲ್ಲರೆ. ಉಲ್ಕೆಯ ಧೂಳೂ ಇತ್ತು, ಮನುಷ್ಯ ಬಿಟ್ಟ ಕಸವೂ ಇತ್ತು. ಬೆನ್ನಿನ ಮುಖದಲ್ಲೂ ಮನುಷ್ಯರ ಕಸದ ಕುಳಿ ಸಿಕ್ಕಿದ್ದು ಎಲ್ಲರಿಗೂ ಆಶ್ಚರ್ಯ. ಹಿಂದಿನಿಂದ ಬಂದು ಹೊಡೆಯಬೇಕಾದರೆ ಆ ಕಸ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿರಬೇಕು. ಅಂಥ ಕಸ ಅಷ್ಟಿದೆ ಎಂದು ಯಾರೂ ಎಣಿಸಿರಲಿಲ್ಲ. ಅದರಲ್ಲಿ ಬಣ್ಣದ ಚಕ್ಕೆಗಳೂ ಇವೆ. 1983ರ ಜೂನಿನಲ್ಲಿ ಚಾಲೆಂಜರಿನ ಕಿಟಕಿಯ ಗಾಜಿಗೆ ಗುಂಡಿ ತೋಡಿ, ಗಾಜನ್ನೇ ಬದಲಿಸುವಂತೆ ಮಾಡಿದ್ದು ಸುಮಾರು 0.2 ಮಿಲಿಮೀಟರಿನ ಒಂದು ಬಣ್ಣದ ಚಕ್ಕೆ. ಯಾವುದೋ ಹಳೆಯ ನೌಕೆಯಲ್ಲಿ ಅಂಟು ಸವೆದು ಎದ್ದದ್ದು. ಬಣ್ಣ ಬಳಿಯುವ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಓದಿದ ದಿನ ನಿದ್ದೆ ಬರಲಿಲ್ಲ. ನಾವು ಬಳಿದದ್ದು ಎದ್ದು ಹೋಗಿ ಇನ್ನೊಬ್ಬರ ಕಿಟಕಿಗೆ ಬಡಿಯಬಹುದು.

ಎಲ್‌ಡೆಫ್‌ನ ಬೋಲ್ಟುಗಳ ವಿಷಯವೂ ಇದೆ. ನಿರ್ವಾತದಲ್ಲಿ ಲೋಹಕ್ಕೆ ಲೋಹ ತಾನಾಗಿಯೇ ಬೆಸೆದುಕೊಳ್ಳುತ್ತದೆ ಎಂಬ ಹೆದರಿಕೆ ಇತ್ತು. ಬಿಚ್ಚುವಾಗ ಕೆಲವು ಹಿಡಿದುಕೊಂಡವು. ಹುಡುಕಿದರೆ ಅವು ಮೇಲೆ ಬೆಸೆದದ್ದಲ್ಲ, ನೆಲದ ಮೇಲೆ ಬಿಗಿಯುವಾಗಲೇ ಎಳೆ ಕೆಟ್ಟದ್ದು.

ನಮ್ಮ ಲ್ಯಾಬಿನಲ್ಲಿ ಆಮ್ಲಜನಕದ ಪರೀಕ್ಷೆಗೆ ಪ್ಲಾಸ್ಮಾ ಆಶರ್ ಎಂಬ ಯಂತ್ರವಿತ್ತು. ಗಾಜಿನ ಕೊಳವೆಯೊಳಗೆ ಆಮ್ಲಜನಕ ಬಿಟ್ಟು ರೇಡಿಯೋ ಅಲೆಯಿಂದ ಜೋಡಿ ಒಡೆಯುವುದು. ಅಗ್ಗ, ಬೇಗ ಆಗುತ್ತದೆ, ಪ್ರಪಂಚದ ಎಷ್ಟೋ ಕಡೆ ಇದೆ. ಅದರ ದೊಡ್ಡ ಕೊರತೆ, ಅದರಲ್ಲಿ ಆಮ್ಲಜನಕ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಕ್ಯಾಪ್ಟಾನಿಗೆ ಮೇಲೊಂದು ಗಾಜಿನಂಥ ತೆಳುಪದರ ಕೊಟ್ಟಿರುತ್ತೇವೆ. ಆ ಪದರದಲ್ಲಿ ಒಂದು ಸೂಜಿಮೊನೆಯ ತೂತಿದ್ದರೆ ಕಕ್ಷೆಯಲ್ಲಿ ಆಮ್ಲಜನಕ ಒಂದೇ ಕಡೆಯಿಂದ ಒಳಗೆ ಇಳಿಯುತ್ತದೆ. ಆಶರಿನಲ್ಲಾದರೆ ಅದೇ ತೂತಿನ ಕೆಳಗೆ ಹೆಗ್ಗಣ ಕೊರೆದ ಹಾಗೆ ಅಗಲಕ್ಕೆ ಪೊಳ್ಳಾಗುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ವರದಿ ಬರೆದವರು ಬಹಳ ಜನ. ದಿಕ್ಕಿಲ್ಲದ ಗಾಳಿಯಲ್ಲಿ ಗೋಡೆಯ ಆಯುಷ್ಯ ಅಳೆದ ಹಾಗೆ ಅದು.

ನಾನು ಮಾಡಿದ ತಪ್ಪು ಇನ್ನೊಂದು ಬಗೆಯದು. ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷ. ಜುಲೈ ತಿಂಗಳು, ವಾರದಿಂದ ಜಿಟಿಜಿಟಿ ಮಳೆ. ಆಶರಿಗೆ ಹಾಕುವ ಮುಂಚೆ ಒಣಗಿಸಿ ತೂಗಿದ್ದ ಕ್ಯಾಪ್ಟಾನ್ ತುಣುಕನ್ನು ಹೊರತೆಗೆದ ಮೇಲೆ ಮೇಜಿನ ಮೇಲೆ ಬಿಟ್ಟು, ಊಟ ಮಾಡಿ ಬಂದು ತೂಗಿದೆ. ಅಂಚುಗಳು ಸವೆದದ್ದು ಕಣ್ಣಿಗೆ ಕಾಣುತ್ತಿತ್ತು, ತಕ್ಕಡಿ ಮಾತ್ರ ತೂಕ ಹೆಚ್ಚಾಗಿದೆ ಎಂದಿತು. ಕ್ಯಾಪ್ಟಾನ್ ಗಾಳಿಯ ತೇವ ಕುಡಿಯುತ್ತದೆ. ಸವೆದದ್ದಕ್ಕಿಂತ ಕುಡಿದದ್ದು ಜಾಸ್ತಿಯಾಗಿತ್ತು. ಅದನ್ನು ಗಮನಿಸದೆ ಆ ಸಂಖ್ಯೆಯನ್ನು ಪುಸ್ತಕಕ್ಕೆ ಬರೆದು ಸಹಿ ಹಾಕಿದೆ. ಮೂರು ವಾರದ ಪ್ರಯೋಗ ಮೊದಲಿಂದ ಮಾಡಬೇಕಾಯಿತು. ಆಮೇಲೆ ನಿವೃತ್ತಿಯಾಗುವ ತನಕ ನಿರ್ವಾತದಲ್ಲಿ ಒಣಗಿಸದೆ, ಗಡಿಯಾರ ನೋಡದೆ ಒಂದು ತುಣುಕನ್ನೂ ತೂಗಲಿಲ್ಲ.

ಬೆಂಗಳೂರಿನಲ್ಲಿ ನಮಗೆ ತಿರುಗಿ ಬಂದ ತಟ್ಟೆಗಳಿರಲಿಲ್ಲ. ನಾವು ಬಣ್ಣ ಬಳಿದು ಕಳಿಸಿದ ಉಪಗ್ರಹಗಳ ಸುದ್ದಿ ತಾಪಮಾನದ ನಕ್ಷೆಯಾಗಿ ಬರುತ್ತಿತ್ತು. ವರ್ಷದಿಂದ ವರ್ಷಕ್ಕೆ ಗೆರೆ ಚೂರು ಚೂರು ಮೇಲಕ್ಕೆ. ಬಿಳಿ ಹಳದಿಯಾಗುತ್ತಿದೆ ಎಂದು ಅದರಿಂದ ಊಹಿಸಬೇಕು. ಮನೆ ಬಿಟ್ಟು ಹೋದ ಮಗನ ಕಾಗದದ ಅಕ್ಷರ ನೋಡಿ ಆರೋಗ್ಯ ಊಹಿಸುವ ತಾಯಿಯ ಹಾಗೆ. ನಮ್ಮ ದೇಶ ಕಕ್ಷೆಗೆ ಕಳಿಸಿ ಮರಳಿ ಪಡೆದ ಮೊದಲ ವಸ್ತು 2007ರದ್ದು, ಜನವರಿ 10ರಂದು ಹೋಗಿ 22ರಂದು ಬಂಗಾಳ ಕೊಲ್ಲಿಯಲ್ಲಿ ಇಳಿದ ಎಸ್‌ಆರ್‌ಇ-1. 12 ದಿನದ ಪಯಣ. ಅದು ನೀರಿನಿಂದ ಎತ್ತಿದ ಚಿತ್ರ ಪೇಪರಿನಲ್ಲಿ ಬಂದಾಗ ಊಟದ ಮನೆಯಲ್ಲಿ ನಾವೆಲ್ಲ ನೋಡಿದ್ದು ಅದರ ಮೈಯ ಬಣ್ಣವನ್ನು.

ಎಲ್‌ಡೆಫ್ ಆದ ಮೇಲೆ ಅಷ್ಟು ದೊಡ್ಡದನ್ನು ಮತ್ತೆ ಕಟ್ಟಲಿಲ್ಲ. ಬಾಹ್ಯಾಕಾಶ ನಿಲ್ದಾಣದ ಹೊರಗೆ ಸೂಟ್‌ಕೇಸಿನಂಥ ಪೆಟ್ಟಿಗೆಗಳನ್ನು ಕಟ್ಟಿ, ತೆರೆದು ಬಿಡುವ ಏರ್ಪಾಡು ಬಂತು; ಮಿಸ್ಸಿ ಎಂದು ಹೆಸರು. ಮೊದಲ ಎರಡನ್ನು 2001ರ ಆಗಸ್ಟಿನಲ್ಲಿ ಕಟ್ಟಿದರು, ಒಂದು ವರ್ಷದ ಲೆಕ್ಕದಲ್ಲಿ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಮರಳುವ ದಾರಿಯಲ್ಲಿ ಒಡೆಯಿತು. ಎಲ್‌ಡೆಫ್ ಅನ್ನು ತಂದ ಅದೇ ಕೊಲಂಬಿಯಾ. ಅದರಲ್ಲಿದ್ದ ಏಳು ಜನರಲ್ಲಿ ಕಲ್ಪನಾ ಚಾವ್ಲಾ ಒಬ್ಬರು. ಬೆಂಗಳೂರಿನಲ್ಲಿ ತಯಾರಾಗಿ ಆಗಲೇ ಕಕ್ಷೆಯಲ್ಲಿದ್ದ ಹವಾಮಾನ ಉಪಗ್ರಹಕ್ಕೆ ಫೆಬ್ರವರಿ 5ರಂದು ಕಲ್ಪನಾ-1 ಎಂದು ಹೆಸರಿಟ್ಟರು. ನಿಲ್ದಾಣದ ಹೊರಗಿನ ಪೆಟ್ಟಿಗೆಗಳು ಕಾದವು. ಅವನ್ನು ಬಿಚ್ಚಿ ತಂದದ್ದು 2005ರ ಜುಲೈನಲ್ಲಿ, ಸುಮಾರು ನಾಲ್ಕು ವರ್ಷ ಆದ ಮೇಲೆ. ಎರಡು ಸಲವೂ ನಮಗೆ ದೀರ್ಘಕಾಲದ ಅಳತೆ ಸಿಕ್ಕಿದ್ದು ಏಳೇಳು ಜನ ತೀರಿಕೊಂಡು ಹಾರಾಟ ನಿಂತದ್ದರಿಂದ. ಆ ಸಂಖ್ಯೆಗಳನ್ನು ವರದಿಯಲ್ಲಿ ಬಳಸುವಾಗಲೆಲ್ಲ ನನಗೆ ಅದು ನೆನಪಾಗುತ್ತಿತ್ತು. ಅದು ನೆನಪಾಗಬೇಕು ಎಂದೇ ನಾನು ಕಿರಿಯರಿಗೆ ಹೇಳಿಕೊಟ್ಟೆ.

ಎರಡನೆಯ ಪೆಟ್ಟಿಗೆಯಲ್ಲಿ 41 ಬಗೆಯ ಪ್ಲಾಸ್ಟಿಕ್ ಹಾಳೆಗಳಿದ್ದವು. ಒಹಾಯೋದ ಗ್ಲೆನ್ ಕೇಂದ್ರದ ಕಿಮ್ ಡಿ ಗ್ರೋ, ಬ್ರೂಸ್ ಬ್ಯಾಂಕ್ಸ್ ಮತ್ತವರ ಜತೆಯವರೊಂದಿಗೆ ಸೇರಿ ಅವನ್ನು ಸಿದ್ಧಮಾಡಿದ್ದು ಹ್ಯಾಥವೇ ಬ್ರೌನ್ ಎಂಬ ಶಾಲೆಯ ಹೆಣ್ಣುಮಕ್ಕಳು. ಹಾಳೆಯಿಂದ ಬಿಲ್ಲೆ ಕತ್ತರಿಸುವುದು, ತೆಳ್ಳಗಿನವನ್ನು ಒಂದರ ಮೇಲೊಂದು ಜೋಡಿಸುವುದು, ನಿರ್ವಾತದಲ್ಲಿ ಒಣಗಿಸುವುದು, ಹೊರತೆಗೆದ ಕೂಡಲೇ ಗಡಿಯಾರ ಹಿಡಿದು ತೂಗುವುದು. ಮೇಲಿನ ಹಾಳೆ ಪೂರ್ತಿ ಸವೆದರೂ ಕೆಳಗಿನದು ಉಳಿದು ಲೆಕ್ಕ ಸಿಗಲಿ ಎಂದು ಅಡಕಿದ ಆ ಪದರಗಳೇ ಕಾಯುವಿಕೆ ನಾಲ್ಕು ವರ್ಷವಾದಾಗ ಪ್ರಯೋಗವನ್ನು ಉಳಿಸಿದವು. ಯಾವ ಪ್ಲಾಸ್ಟಿಕ್ ಎಷ್ಟು ಸವೆಯುತ್ತದೆ ಎಂದು ಇವತ್ತು ಉಪಗ್ರಹ ಕಟ್ಟುವವರು ತೆರೆದು ನೋಡುವ ಪಟ್ಟಿಯಲ್ಲಿ ಆ ಮಕ್ಕಳ ತಕ್ಕಡಿಯ ಕೆಲಸವಿದೆ. ನಾನು ಜುಲೈ ಮಳೆಯಲ್ಲಿ ತಪ್ಪಿದ್ದನ್ನು ಅವರು ತಪ್ಪಲಿಲ್ಲ.

2018ರಿಂದ ನಿಲ್ದಾಣದ ಹೊರಗೆ ಮಿಸ್ಸಿಗೆ ಕಾಯಂ ನೆಲೆಯೇ ಆಗಿದೆ. ಅದಕ್ಕೆ ನಾಲ್ಕು ಮುಖ: ಓಟದ ಎದುರಿಗೆ, ಓಟದ ಬೆನ್ನಿಗೆ, ಆಕಾಶಕ್ಕೆ, ಭೂಮಿಗೆ. ಮಾದರಿ ಕಳಿಸುವವರು ಯಾವ ಮುಖ ಎಂದು ಮೊದಲೇ ಬರೆದು ಕೊಡಬೇಕು. ತಟ್ಟೆಗಳಿಗೆ ನೆಲದಿಂದಲೇ ಮುಚ್ಚಿ ತೆರೆಯುವ ಮುಚ್ಚಳಗಳಿವೆ. ಯಾವುದಾದರೂ ನೌಕೆ ನಿಲ್ದಾಣಕ್ಕೆ ಬರುತ್ತಿದೆ ಎಂದಾದರೆ ಅದರ ಹೊಗೆ ಮಾದರಿಗೆ ಮೆತ್ತದಿರಲೆಂದು ಮುಚ್ಚಿಬಿಡುತ್ತಾರೆ. ಅದು ಬಂದು ನಿಂತ ಮೇಲೆ ಮತ್ತೆ ತೆರೆಯುತ್ತಾರೆ. ನಮ್ಮೂರಿನಲ್ಲಿ ಕಡಲ ಮೇಲೆ ಮೋಡ ಕಪ್ಪಾಗುವುದು ಕಂಡ ಕೂಡಲೇ ಅಮ್ಮ ಎದ್ದು ಹೋಗಿ ಪಡು ಬದಿಯ ಕಿಟಕಿಗಳನ್ನಷ್ಟೇ ಹಾಕಿ ಬರುತ್ತಿದ್ದ ಹಾಗೆ.